ಗಗನಸಖಿಯ ನೆಲದ ದುಡಿಮೆ



ರಜೆಗೆ ಊರಿಗೆ ಹೊರಟು ವಿಮಾನ ಹತ್ತುವ ಹೊತ್ತನ್ನು ನೆನಪಿಸಿಕೊಳ್ಳಿ. ಅಜ್ಜಿಗೆಂದು ತುಂಬಿಸಿದ ಚಾಕೊಲೇಟಿನ ಬ್ಯಾಗು ಮೇಲೆ ಹಿಡಿಸುತ್ತಿಲ್ಲ. ಹಿಂದೆ ಯಾವುದೋ ಮಗು ಅಳುತ್ತಿದೆ. ಯಾರಿಗೋ ಸೀಟು ಬದಲಾಗಬೇಕು. ಇದನ್ನೆಲ್ಲ ಸರಿಪಡಿಸುತ್ತ ಓಡಾಡುವವರಿಗೆ ನಮ್ಮ ಕನ್ನಡ ಪತ್ರಿಕೆಗಳು ಕೊಟ್ಟ ಹೆಸರು ‘ಗಗನಸಖಿ’. ಗಗನ ಎಂದರೆ ಆಕಾಶ, ಸಖಿ ಎಂದರೆ ಗೆಳತಿ. ಈ ಕೆಲಸದಲ್ಲಿ ಗಂಡಸರೂ ಇದ್ದಾರೆ ಅನ್ನಿ.

ಹೆಸರೇನೋ ಚೆಂದ. ಆದರೆ ಅಮೆರಿಕ, ಕೆನಡಾಗಳ ಬಹಳಷ್ಟು ವಿಮಾನ ಕಂಪನಿಗಳಲ್ಲಿ ಅವರ ಸಂಬಳವೂ ಗಗನದ್ದೇ ಆಗಿತ್ತು. ವಿಮಾನ ಗೇಟು ಬಿಟ್ಟು ಚಲಿಸಿದ ಮೇಲೆ ಗಂಟೆಯ ಲೆಕ್ಕ ಶುರು, ತಲುಪಿ ನಿಂತ ಮೇಲೆ ಮುಗಿಯಿತು. ನಮ್ಮನ್ನು ಹತ್ತಿಸುವುದು, ಸುರಕ್ಷತಾ ಸಾಮಗ್ರಿ ಪರೀಕ್ಷಿಸುವುದು, ವಿಮಾನ ತಡವಾದರೆ ಕಾಯುವುದು, ಇದಾವುದಕ್ಕೂ ಆ ದರದ ಕೂಲಿ ಇಲ್ಲ.

‘ಹಾರುವ ಗಂಟೆಯ ದರದಲ್ಲೇ ನೆಲದ ಕೆಲಸವೂ ಸೇರಿದೆಯಲ್ಲ’ ಎಂದು ನೀವು ಕೇಳಬಹುದು. ಆ ವಾದವೂ ಇದೆ. ಹಾಗಾದರೆ ಹಿಮ ಬಿದ್ದು ವಿಮಾನ ಮೂರು ಗಂಟೆ ಗೇಟಿನಲ್ಲೇ ನಿಂತರೆ ಆ ಮೂರು ಗಂಟೆಯ ನಷ್ಟ ಯಾರ ತಲೆಗೆ?

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಮೊದಲಿಗೆ ಡೆಲ್ಟಾ 2022ರಲ್ಲಿ ಪ್ರಯಾಣಿಕರನ್ನು ಹತ್ತಿಸುವ ಸಮಯಕ್ಕೆ ಅರ್ಧ ದರ ಕೊಡತೊಡಗಿತು. ಕೆನಡಾದಲ್ಲಿ ಇದಕ್ಕೆ ಹೋರಾಟವೇ ಬೇಕಾಯಿತು. 2025ರ ಆಗಸ್ಟ್ 16ರಂದು ಏರ್ ಕೆನಡಾದ 10,000ಕ್ಕೂ ಹೆಚ್ಚು ಗಗನಸಖಿಯರು ಮುಷ್ಕರ ಹೂಡಿದರು. ಅದೇ ದಿನ ಸರ್ಕಾರ ಕಾರ್ಮಿಕ ಸಂಹಿತೆಯ 107ನೇ ಸೆಕ್ಷನ್ ಬಳಸಿ ಅವರನ್ನು ಕೆಲಸಕ್ಕೆ ಮರಳಿಸಲು ಮುಂದಾಯಿತು. ಆದೇಶ ಬಂದರೂ ಅವರು ಹೋಗಲಿಲ್ಲ. ಲಕ್ಷಾಂತರ ಪ್ರಯಾಣಿಕರಿಗೆ ತೊಂದರೆಯಾಯಿತು, ನಿಜ. 19ರಂದು ಒಪ್ಪಂದವಾಯಿತು: ಹಾರುವ ಮುನ್ನ ಸಣ್ಣ ವಿಮಾನದಲ್ಲಿ 60 ನಿಮಿಷ, ದೊಡ್ಡದರಲ್ಲಿ 70 ನಿಮಿಷದ ನೆಲದ ಕೆಲಸಕ್ಕೆ ಗಂಟೆ ದರದ ಅರ್ಧ. ಸಂಬಳದ ಏರಿಕೆ ಮಾತ್ರ ಸಾಲದೆಂದು ಮುಂದಿನ ತಿಂಗಳು ಶೇಕಡಾ 99 ಮಂದಿ ಮತದಾನದಲ್ಲಿ ತಿರಸ್ಕರಿಸಿದರು.

ಅರ್ಧವಾದರೂ ಬಂತಲ್ಲ ಎಂದು ಸಮಾಧಾನ ಪಡಬಹುದು. ಆದರೆ ವಿಮಾನ ನಿಂತಿರುವಾಗ ಇವರೇನು ಅರ್ಧ ಮನುಷ್ಯರೇ? ಬೆಂಕಿ ಕಂಡರೆ ನಮ್ಮನ್ನು ಹೊರಗೆ ಕಳಿಸುವ ಹೊಣೆ ಆಗಲೂ ಅವರದೇ ತಾನೆ?

ಇದನ್ನೆಲ್ಲ ನಿಮಗೇ ಹೇಳಲು ಕಾರಣವಿದೆ. ನಿಮ್ಮಲ್ಲಿ ಹಲವರು ಈಗಷ್ಟೇ ಮೊದಲ ಪಾರ್ಟ್‌ಟೈಮ್ ಕೆಲಸಕ್ಕೆ ಸೇರುತ್ತಿದ್ದೀರಿ. ‘ಹದಿನೈದು ನಿಮಿಷ ಮೊದಲೇ ಬಾ, ಅಂಗಡಿ ಗುಡಿಸಿ ಹೋಗು’ ಎಂದರೆ ಸಂಕೋಚಪಡದೆ ಕೇಳಿ: ನನ್ನ ಗಂಟೆ ಎಲ್ಲಿಂದ ಶುರು? ಹಾಗೆ ಕೇಳುವುದು ದುರಾಸೆಯೂ ಅಲ್ಲ, ಅವಿಧೇಯತೆಯೂ ಅಲ್ಲ.

ಮುಂದಿನ ಸಲ ವಿಮಾನದ ಬಾಗಿಲಲ್ಲಿ ಯಾರಾದರೂ ನಕ್ಕು ಸ್ವಾಗತಿಸಿದರೆ ನೀವೂ ನಗಿ, ಬೇಗ ಕುಳಿತುಕೊಳ್ಳಿ. ಅವರ ಗಡಿಯಾರ ಇನ್ನೂ ಶುರುವಾಗಿರಲಿಕ್ಕಿಲ್ಲ.