ಕೊನೆಯ ಸಾಲಿನ ಅಜ್ಜಿಗೂ ಮಾತು ಮುಟ್ಟಬೇಕು



ಜಾತ್ರೆಯ ದಿನ ಗೊತ್ತಾಯಿತೆಂದರೆ ಊರ ಕಮಿಟಿಯ ಮುಂದೆ ಬರುವ ಪ್ರಶ್ನೆಗಳಲ್ಲಿ ಧ್ವನಿವರ್ಧಕದ್ದೂ ಒಂದು. ಊರಿನ ಬಡಿಗ ಪ್ಲೈವುಡ್ ಕೊಯ್ದು ಮಾಡಿದ ಪೆಟ್ಟಿಗೆಗಳೇ ಸಾಕೆ, ಇಲ್ಲಾ ಪಟ್ಟಣದಿಂದ ಕಂಪನಿಯ ಪೆಟ್ಟಿಗೆಗಳನ್ನು ಬಾಡಿಗೆಗೆ ತರಬೇಕೆ? ಒಬ್ಬರು ಖರ್ಚು ನೋಡುತ್ತಾರೆ, ಇನ್ನೊಬ್ಬರು ಊರಿನ ಮರ್ಯಾದೆ ನೋಡುತ್ತಾರೆ. ಹುಡುಗರಿಗೆ ಎದೆ ನಡುಗಿಸುವ ಸದ್ದು ಬೇಕು. ಆದರೆ ಬಯಲಿನ ಕೊನೆಯಲ್ಲಿ ಕೌದಿ ಹೊದ್ದು ಕುಳಿತ ಅಜ್ಜಿಗೆ ಸತ್ಯಭಾಮೆ ಆಡಿದ ಮಾತು ತಿಳಿಯಿತೆ ಎಂದು ಕೇಳುವವರು ಕಡಿಮೆ. ಎರಡು ಬಗೆಯ ಪೆಟ್ಟಿಗೆಗಳನ್ನು ಹೋಲಿಸಲು ಅಳತೆಗೋಲು ಇದೇ ಆಗಬೇಕು.

ಏಕೆಂದರೆ ಯರಗಟ್ಟಿ ಇರುವುದು ಹಾಡು, ಮಾತು ಎರಡೂ ಬೆಳೆದ ಸೀಮೆಯಲ್ಲಿ. ಶ್ರೀಕೃಷ್ಣ ಪಾರಿಜಾತವನ್ನು ಕಟ್ಟಿದ ಕುಲಗೋಡ ತಮ್ಮಣ್ಣನ ಊರು, ಆ ಆಟಕ್ಕೆ ಹೆಸರು ತಂದ ನಿಂಗಮ್ಮನ ಕೌಜಲಗಿ ದೂರವಿಲ್ಲ. ‘ಸಂಗ್ಯಾ ಬಾಳ್ಯಾ’ದ ಕಥೆ ಬೈಲಹೊಂಗಲದ್ದು. ಕಂಪನಿ ನಾಟಕದ ಹಿರಿಯ ನಟ ಏಣಗಿ ಬಾಳಪ್ಪ 1914ರಲ್ಲಿ ಹುಟ್ಟಿದ್ದು ಸವದತ್ತಿ ಸೀಮೆಯ ಏಣಗಿಯಲ್ಲಿ. 2017ರಲ್ಲಿ ತೀರಿಕೊಳ್ಳುವವರೆಗೆ ಅವರು ಹಾಡುನಟರ ತಲೆಮಾರೊಂದರ ಸಾಕ್ಷಿಯಾಗಿದ್ದರು. ಕರಡಿ ಮಜಲು, ಡೊಳ್ಳು, ಹಲಗಿ ಇವುಗಳಿಗೆ ಮೈಕ್ ಬೇಕಿಲ್ಲ. ಅವು ತಮ್ಮ ದಾರಿ ತಾವೇ ಮಾಡಿಕೊಳ್ಳುತ್ತವೆ. ಮೈಕ್ ಬೇಕಾದದ್ದು ಮಾತಿಗೆ.

ಮೈಕ್ ಬರುವ ಮೊದಲು ಕಲಾವಿದರು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಪಾತ್ರಧಾರಿ ಏರುದನಿಯಲ್ಲಿ ಹಾಡಿದ ಸಾಲನ್ನು ಹಿಮ್ಮೇಳದವರು ಎತ್ತಿ ಹಾಡುತ್ತಿದ್ದರು. ಮೊದಲ ಸಲ ಕೇಳದವನಿಗೆ ಎರಡನೆಯ ಸಲ ಕೇಳುತ್ತಿತ್ತು. ಜನ ಆಟದ ಸುತ್ತ ಒತ್ತಾಗಿ ಕೂಡುತ್ತಿದ್ದರು. ಹಿಮ್ಮೇಳವೇ ಅಂದಿನ ಧ್ವನಿವರ್ಧಕ ಎನ್ನಬಹುದು. ಜನ ಹೆಚ್ಚಿ ಬಯಲು ಹಿಗ್ಗಿದಾಗ ಈ ಉಪಾಯ ಸಾಲದಾಯಿತು.

ವಿದ್ಯುತ್ತಿನಿಂದ ದನಿ ಹಿಗ್ಗಿಸುವ ಯಂತ್ರವನ್ನು ಜನರ ಮುಂದೆ ತಂದವರಲ್ಲಿ ಅಮೆರಿಕದ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಮೊದಲಿಗರು. ಅದು 1915ರ ಮಾತು. ಇಂದಿನ ಬಹುತೇಕ ಸ್ಪೀಕರುಗಳ ಮೂಲರೂಪ 1925ರಲ್ಲಿ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಮಾಡಿದ್ದು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಕೋನು. ಸುರುಳಿ ಅಲುಗಿದರೆ ಕೋನು ಅಲುಗುತ್ತದೆ, ಕೋನು ಗಾಳಿಯನ್ನು ತಳ್ಳುತ್ತದೆ.

ನಮ್ಮ ಹಳ್ಳಿಗಳಿಗೆ ಮೊದಲು ಬಂದದ್ದು ಕಂಬಕ್ಕೆ ಕಟ್ಟುವ ತುತ್ತೂರಿಯಾಕಾರದ ಹಾರ್ನ್. 1940ರಲ್ಲಿ ಆರಂಭವಾದ ದೆಹಲಿಯ ಅಹುಜಾದಂಥ ಕಂಪನಿಗಳ ಹೆಸರು ಹಳ್ಳಿಯವರಿಗೆ ಪರಿಚಯವಾದದ್ದು ಇದರಿಂದಲೇ. ಹಾರ್ನಿನ ಗುಟ್ಟು ಮಿತವ್ಯಯ. ಒಂದು ವಾಟ್ ಶಕ್ತಿ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಒಳ್ಳೆಯ ಹಾರ್ನ್ ಸುಮಾರು 108 ಡೆಸಿಬೆಲ್ ಸದ್ದು ಕೊಡುತ್ತದೆ. ಸಾಧಾರಣ ಪೆಟ್ಟಿಗೆ 96ರ ಆಸುಪಾಸು. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಇಮ್ಮಡಿಯಾಗಬೇಕು. ಅಂದರೆ ಹಾರ್ನ್ ಒಂದು ವಾಟ್‌ನಲ್ಲಿ ಮಾಡುವ ಕೆಲಸಕ್ಕೆ ಪೆಟ್ಟಿಗೆಗೆ 16 ವಾಟ್ ಬೇಕು! ಬ್ಯಾಟರಿಯ ಮೇಲೆ ಮೈಕ್ ನಡೆಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ಉಪಕಾರ. ಆದರೆ ಹಾರ್ನಿಗೆ ಮಂದ್ರದ ನಾದ ಬರುವುದಿಲ್ಲ. ತಬಲಾದ ಎಡಗೈ ಮಾಯವಾಗುತ್ತದೆ, ಹಾಡುಗಾರನ ಕಂಠ ಮೂಗಿನಿಂದ ಬಂದಂತೆ ಕೇಳಿಸುತ್ತದೆ. ಪೆಟ್ಟಿಗೆಗಳು ಬಂದದ್ದು ಈ ಕೊರತೆ ತುಂಬಲು.

ಪೆಟ್ಟಿಗೆ ಏಕೆ ಬೇಕು? ಕೋನು ಮುಂದೆ ಗಾಳಿಯನ್ನು ತಳ್ಳಿದಾಗ ಹಿಂದೆ ಗಾಳಿಯನ್ನು ಎಳೆಯುತ್ತದೆ. ಬಯಲಿನಲ್ಲಿ ಬರಿಯ ಸ್ಪೀಕರ್ ಇಟ್ಟರೆ ಮುಂದಿನ ಅಲೆಯನ್ನು ಹಿಂದಿನ ಅಲೆ ಅಳಿಸಿಹಾಕುತ್ತದೆ. ಮಂದ್ರದ ನಾದಕ್ಕೆ ಇದರ ಪೆಟ್ಟು ಹೆಚ್ಚು. ಹಿಂದಿನ ಅಲೆಯನ್ನು ಹಿಡಿದಿಡುವುದು, ಇಲ್ಲವೆ ತಿದ್ದಿ ಹೊರಬಿಡುವುದು ಪೆಟ್ಟಿಗೆಯ ಕೆಲಸ. ಇದನ್ನು ಓದದೆಯೇ ಅರಿತವರು ಹಳ್ಳಿಯಲ್ಲಿದ್ದರು. ರೇಡಿಯೋದ ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಕೂರಿಸಿ ಹಾಡು ಕೇಳಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಖರ್ಚಿಲ್ಲದೆ ನಾದ ತುಂಬಿಬರುತ್ತಿತ್ತು. ಆದರೆ ಗಡಿಗೆಗೆ ತನ್ನದೇ ಒಂದು ಸ್ವರವಿದೆ. ಯಾವ ಹಾಡು ಹಾಕಿದರೂ ಆ ಒಂದು ಸ್ವರವೇ ಉಬ್ಬಿ ‘ಬುಂ’ ಎನ್ನುತ್ತದೆ.

ಕೈಯಿಂದ ಮಾಡಿದ ಪೆಟ್ಟಿಗೆಯ ಗುಣವೂ ದೋಷವೂ ಈ ಗಡಿಗೆಯಲ್ಲೇ ಇವೆ. ಗುಣ ಮೊದಲು ನೋಡೋಣ. ಹಲಗೆ, ಮೊಳೆ, ಅಂಟು ಎಲ್ಲ ಹತ್ತಿರದ ಪೇಟೆಯಲ್ಲಿ ಸಿಗುತ್ತವೆ. 18 ಮಿಲಿಮೀಟರ್ ದಪ್ಪದ ಗಟ್ಟಿ ಪ್ಲೈವುಡ್ಡಿಗೆ ಒಳಗೆ ಅಡ್ಡಪಟ್ಟಿ ಕೊಟ್ಟು, ಸಂದು ಬಿಡದೆ ಅಂಟು ಹಾಕಿದರೆ ಟ್ರ್ಯಾಕ್ಟರಿನಲ್ಲಿ ಹತ್ತು ಜಾತ್ರೆ ತಿರುಗಿದರೂ ಅದು ಅಲ್ಲಾಡುವುದಿಲ್ಲ. ಕೋನು ಹರಿದರೆ, ಸುರುಳಿ ಸುಟ್ಟರೆ ಹೊಸದು ಕೂರಿಸಿ ಮರುದಿನವೇ ಆಟಕ್ಕೆ ಒಯ್ಯಬಹುದು. ನಾಲ್ಕು ಮನೆಗೆ ಅನ್ನವೂ ಆಗುತ್ತದೆ.

ದೋಷ ಹುಟ್ಟುವುದು ನಕಲಿನಿಂದ. ಕಂಪನಿಯ ಪೆಟ್ಟಿಗೆಯ ಉದ್ದಗಲವನ್ನು ಟೇಪು ಹಿಡಿದು ಅಳೆಯುತ್ತಾರೆ. ಅದೇ ಅಳತೆಯಲ್ಲಿ ಪೆಟ್ಟಿಗೆ ಮಾಡಿ, ಅಗ್ಗಕ್ಕೆ ಸಿಕ್ಕ ಬೇರೆ ಸ್ಪೀಕರ್ ಜೋಡಿಸುತ್ತಾರೆ. ಇದು ಒಬ್ಬರ ಅಳತೆ ತೆಗೆದು ಇನ್ನೊಬ್ಬರಿಗೆ ಅಂಗಿ ಹೊಲಿದಂತೆ. ಯಾವ ಸ್ಪೀಕರಿಗೆ ಎಷ್ಟು ಲೀಟರ್ ಗಾಳಿಯ ಪೆಟ್ಟಿಗೆ ಬೇಕು, ಅದರ ತೂತು ಎಷ್ಟು ಅಗಲ, ಕೊಳವೆ ಎಷ್ಟು ಉದ್ದ ಎಂಬುದಕ್ಕೆ ಲೆಕ್ಕವಿದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಅದನ್ನು ಪ್ರಕಟಿಸಿದರು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದರು. ಒಳ್ಳೆಯ ಸ್ಪೀಕರಿನ ಜೊತೆಗೆ ಬರುವ ಚೀಟಿಯಲ್ಲಿ ಇದಕ್ಕೆ ಬೇಕಾದ ಅಂಕಿಗಳಿರುತ್ತವೆ. ಆ ಚೀಟಿಯನ್ನು ಕಸಕ್ಕೆ ಎಸೆಯದೆ ಲೆಕ್ಕ ಹಾಕಿ ಮಾಡಿದ ಪೆಟ್ಟಿಗೆ ಕಂಪನಿಯದಕ್ಕೆ ಹೆಗಲೆಣೆಯಾಗಿ ನಿಲ್ಲಬಲ್ಲದು.

ಹಾಗಾದರೆ ಕಂಪನಿಯ ಪೆಟ್ಟಿಗೆಗೆ ಕೊಡುವ ಹೆಚ್ಚಿನ ಹಣ ಯಾವುದಕ್ಕೆ? ಮುಖ್ಯವಾಗಿ ಮೂರು ಸಂಗತಿಗಳಿಗೆ. ಒಂದು, ಹೊಂದಾಣಿಕೆ. ಮಂದ್ರವನ್ನು ದೊಡ್ಡ ಕೋನಿಗೆ, ತಾರವನ್ನು ಚಿಕ್ಕ ಹಾರ್ನಿಗೆ ಹಂಚುವ ಕ್ರಾಸ್‌ಓವರನ್ನು ಅಲ್ಲಿ ಅಳೆದು ಕೂರಿಸಿರುತ್ತಾರೆ. ಎರಡು, ರಕ್ಷಣೆ. ಆಂಪ್ಲಿಫೈಯರನ್ನು ಮಿತಿಮೀರಿ ಏರಿಸಿದಾಗ ಮೊದಲು ಸುಡುವುದು ಚಿಕ್ಕ ಸ್ಪೀಕರಿನ ಸುರುಳಿ. ಇಂದಿನ ಅನೇಕ ಪೆಟ್ಟಿಗೆಗಳಲ್ಲಿ ಇದನ್ನು ತಡೆಯುವ ಲಿಮಿಟರ್ ಇರುತ್ತದೆ. ಮೂರು, ಏಕರೂಪತೆ. ನಾಲ್ಕು ಪೆಟ್ಟಿಗೆ ಇಟ್ಟರೆ ನಾಲ್ಕೂ ಒಂದೇ ದನಿಯಲ್ಲಿ ಮಾತಾಡುತ್ತವೆ. ಊರಲ್ಲಿ ಬೇರೆ ಬೇರೆ ಸಮಯದಲ್ಲಿ ಮಾಡಿದ ನಾಲ್ಕು ಪೆಟ್ಟಿಗೆಗಳು ನಾಲ್ಕು ದನಿ ತೆಗೆದರೆ ಆಶ್ಚರ್ಯವಿಲ್ಲ.

ಹಾಗೆಂದು ಹೆಸರು ನೋಡಿ ಮರುಳಾಗಬೇಕಿಲ್ಲ. ಪೆಟ್ಟಿಗೆಯ ಬೆನ್ನಿಗೆ ಬರೆದ ಸಾವಿರಾರು ವಾಟ್ ಕ್ಷಣಮಾತ್ರ ತಡೆಯಬಲ್ಲ ಶಕ್ತಿಯ ಲೆಕ್ಕವಾಗಿರಬಹುದು. ನೋಡಬೇಕಾದದ್ದು ಎಡೆಬಿಡದೆ ತಡೆಯುವ ವಾಟ್ ಮತ್ತು ಒಂದು ವಾಟ್‌ಗೆ ಬರುವ ಡೆಸಿಬೆಲ್. ಪೇಟೆಯಲ್ಲಿ ನಕಲಿ ಹೆಸರಿನ ಮಾಲೂ ಉಂಟು.

ಸ್ವಂತ ತಯಾರಿಕೆ ಎಂದರೆ ಬಡವರ ದಾರಿ ಎಂದೂ ತಿಳಿಯಬಾರದು. 1974ರಲ್ಲಿ ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ವಾದ್ಯವೃಂದದ ತಂತ್ರಜ್ಞರು ಆರುನೂರಕ್ಕೂ ಹೆಚ್ಚು ಸ್ಪೀಕರುಗಳ ಗೋಡೆಯನ್ನೇ ತಾವಾಗಿ ಕಟ್ಟಿದರು. ಪ್ರತಿ ವಾದ್ಯಕ್ಕೂ ಬೇರೆ ಸಾಲು, ಒಂದರ ದನಿ ಇನ್ನೊಂದರಲ್ಲಿ ಕಲಸದಂತೆ ವ್ಯವಸ್ಥೆ. ದನಿ ಸ್ಪಷ್ಟವಾಗಿತ್ತು, ಆದರೆ ಹೊರುವುದು, ಕಟ್ಟುವುದು, ಬಿಚ್ಚುವುದು ಹೊರೆಯಾಗಿ ಅದೇ ವರ್ಷ ಅದನ್ನು ಕೈಬಿಟ್ಟರು. ಬಯಲಾಟದವರು ಹೇಳುವ ಲೆಕ್ಕವೂ ಇದೇ: ಒಂದೇ ಗಾಡಿಯಲ್ಲಿ ಹಿಡಿಯಬೇಕು, ನಾಲ್ಕು ಜನ ಎತ್ತಬೇಕು.

ಇನ್ನು ಪೆಟ್ಟಿಗೆ ಯಾರದೇ ಇರಲಿ, ಅದನ್ನು ಎಲ್ಲಿ ಇಟ್ಟಿರಿ ಎಂಬುದೇ ಅರ್ಧ ಕೆಲಸ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 4 ಮೀಟರಿನಲ್ಲಿ 100 ಇದ್ದದ್ದು 32 ಮೀಟರಿಗೆ 82 ಆಗುತ್ತದೆ. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಹಿಂದಿನವರಿಗೆ ಕೇಳಿಸಲು ಹೋದರೆ ಮುಂದೆ ಕುಳಿತ ಮಕ್ಕಳ ಕಿವಿ ಕೆಡುತ್ತದೆ. ಎತ್ತರಕ್ಕೆ ಏರಿಸಿ ಸ್ವಲ್ಪ ಬಾಗಿಸಿದರೆ ಮುಂದಿನವರಿಗೂ ಹಿಂದಿನವರಿಗೂ ಇರುವ ಅಂತರ ಕುಗ್ಗುತ್ತದೆ. ಬಯಲಿನ ನಡುವೆ ಮತ್ತೊಂದು ಜೋಡಿ ಇಟ್ಟರೆ ಅದಕ್ಕೆ ಕಾಲದ ಹೊಂದಿಕೆ ಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ; 34 ಮೀಟರ್ ಅಂತರದ ಎರಡು ಪೆಟ್ಟಿಗೆಗಳಿಂದ ಒಂದೇ ಮಾತು ಸೆಕೆಂಡಿನ ಹತ್ತನೇ ಒಂದು ಪಾಲು ಹಿಂದೆಮುಂದೆ ಬಂದು ಕಲಸುಮೇಲೋಗರವಾಗುತ್ತದೆ. ಮಂದ್ರವನ್ನು ಅತಿಯಾಗಿ ಏರಿಸಿದರೆ ಕ, ತ, ಸ, ಶ ಮುಂತಾದ ವ್ಯಂಜನಗಳು ಅದರಡಿ ಮುಳುಗುತ್ತವೆ. ವ್ಯಂಜನ ಮುಳುಗಿದರೆ ಮಾತು ಹೋಯಿತು; ಉಳಿಯುವುದು ಬರಿಯ ಗದ್ದಲ.

ಗದ್ದಲಕ್ಕೆ ಬೆಲೆಯೂ ಇದೆ. 85 ಡೆಸಿಬೆಲ್ ಸದ್ದಿನಲ್ಲಿ ಎಂಟು ತಾಸು ಇರಬಹುದೆಂದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಸಮಯ ಅರ್ಧವಾಗುತ್ತ ಹೋಗಿ 100 ಡೆಸಿಬೆಲ್‌ಗೆ ಹದಿನೈದು ನಿಮಿಷಕ್ಕೆ ಬಂದು ನಿಲ್ಲುತ್ತದೆ. ಕೆಟ್ಟ ಕಿವಿಗೆ ಮದ್ದಿಲ್ಲ. ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸುತ್ತವೆ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಬೆಳತನಕ ನಡೆಯುವ ಆಟಕ್ಕೆ ಇದು ಇಕ್ಕಟ್ಟಿನ ಸಂಗತಿ. ಎದೆ ನಡುಗಿಸುವ ಸದ್ದಿಗೂ ಪಾರಿಜಾತದ ಮಾತಿಗೂ ನಿಯಮ ಒಂದೇ. ಮೊದಲನೆಯದರ ಅತಿರೇಕಕ್ಕೆ ಎರಡನೆಯದು ದಂಡ ತೆರಬಾರದಷ್ಟೆ.

ಕೊನೆಗೆ ಕಮಿಟಿಯವರಿಗೆ ಸಲಹೆ ಇಷ್ಟೆ. ಪೆಟ್ಟಿಗೆ ಗೊತ್ತುಮಾಡುವ ಮೊದಲು ಒಂದು ಸಂಜೆ ಅದನ್ನು ಬಯಲಿನಲ್ಲಿ ಹಚ್ಚಿ ನೋಡಿ. ಹಾಡು ಹಾಕಬೇಡಿ, ಭಾಗವತನಿಂದಲೋ ದೂತಿಯ ಪಾತ್ರಧಾರಿಯಿಂದಲೋ ಒಂದು ಚೇಷ್ಟೆಯ ಮಾತು ಆಡಿಸಿ. ಕೊನೆಯ ಸಾಲಿನಲ್ಲಿ ಊರಿನ ಹಿರಿಯಳೊಬ್ಬಳನ್ನು ಕೂಡಿಸಿ. ಆಕೆ ನಕ್ಕರೆ ಆ ಪೆಟ್ಟಿಗೆ ಒಳ್ಳೆಯದು, ಬಡಿಗನದಿರಲಿ, ಕಂಪನಿಯದಿರಲಿ. ಆಕೆ ಕಿವಿ ಮುಚ್ಚಿಕೊಂಡರೆ, ಅಥವಾ ‘ಏನಂದ?’ ಎಂದು ಪಕ್ಕದವರನ್ನು ಕೇಳಿದರೆ, ಬಾಡಿಗೆಯ ಮಾತು ಅಲ್ಲಿಗೇ ನಿಲ್ಲಲಿ.