ಬೆರಳಿಟ್ಟು ತೋರಿಸಿ



ಬಸವಕಲ್ಯಾಣದ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಹೊಲದ ಕಾಗದವೊಂದಿದೆ, ಉರ್ದುವಿನದು. ಕನ್ನಡ ಎಂ.ಎ. ಓದಿದ ನಾನು ಅದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕು. 1948ರವರೆಗೆ ಈ ಸೀಮೆ ನಿಜಾಮರದು. ಕಚೇರಿಯ ಭಾಷೆಯೂ ಉರ್ದು.

ಈಗ ಕೆಳಗಿನ ಕೋರ್ಟುಗಳಲ್ಲಿ ಕನ್ನಡವುಂಟು. 2008ರಲ್ಲಿ ಕಲಬುರಗಿಗೆ ಬಂದ ಹೈಕೋರ್ಟಿನ ಸಂಚಾರಿ ಪೀಠ 2013ರಲ್ಲಿ ಕಾಯಂ ಆಯಿತು. ಮೇಲ್ಮನವಿಗಾಗಿ ಬೆಂಗಳೂರಿಗೆ ಅಲೆಯುವುದು ತಪ್ಪಿತು. ದಾರಿ ಕಿರಿದಾದರೂ, ಸಂವಿಧಾನದ 348ನೆಯ ವಿಧಿಯಂತೆ ಹೈಕೋರ್ಟಿನ ತೀರ್ಪಿಗೆ ಅಧಿಕೃತ ಭಾಷೆ ಇಂಗ್ಲಿಷೇ. ಮೇಲೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಕಲಮುಗಳ ಅಂಕಿಗಳೂ ಬದಲಾದವು. ಬೈಗುಳವಾಗಿ ಜನರ ಬಾಯಲ್ಲಿ ನೆಲೆಸಿದ ‘ಚಾರ್‌ಸೋಬೀಸ್’, ಅಂದರೆ ವಂಚನೆಯ 420, ಈಗ 318. ವಕೀಲರೂ ಮತ್ತೆ ವಿದ್ಯಾರ್ಥಿಗಳಾದರು.

ಹುಮನಾಬಾದಿನಲ್ಲಿ ವಕೀಲನಾಗಿರುವ ನನ್ನ ಶಿಷ್ಯನ ಮುಂದೆ ಮುದುಕಿಯೊಬ್ಬಳು ಹೈಕೋರ್ಟಿನ ತೀರ್ಪು ಹಿಡಿದು ಕುಳಿತಿದ್ದಳು. “ನಾ ಸೋತದ್ದು ಇದರಾಗ ಎಲ್ಲಿ ಅದ ವಕೀಲಸಾಬ್, ಬೆರಳಿಟ್ಟು ತೋರಿಸ್ರಿ” ಎಂದಳು. ಆತ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದ. ಅರ್ಧ ದಿನ ಹಿಡಿಯಿತು. ಅದಕ್ಕೆ ಫೀಸಿಲ್ಲ.

ಶರಣರು ಹಿರಿದಾದ ಅರಿವನ್ನು ಆಡುನುಡಿಗೆ ತಂದ ನೆಲವಿದು. ಸೋತವಳಿಗೂ ಸೋಲಿನ ಕಾರಣ ತಿಳಿಯಬೇಕು. ವಕೀಲವೃತ್ತಿಯ ಮರ್ಯಾದೆ ಅಲ್ಲಿದೆ.