ರೈಲು ತಡವಾದರೆ ನಮ್ಮ ದುಡ್ಡು ಕೇಳುವ ಬಗೆ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಮಾಹಿತಿ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಕಾರ್ಯದರ್ಶಿಯವರು ನಮಗೆ ಕೊಟ್ಟ ವಿಷಯ ‘ಗ್ರಾಹಕರ ಹಕ್ಕುಗಳು’ ಎಂದು. ಅದು ಬಹಳ ದೊಡ್ಡದು. ಎಸ್.ಎಸ್.ಎಲ್.ಸಿ. ಓದಿದ ನಾವು ಅದನ್ನೆಲ್ಲಾ ಹೇಳಲು ಹೊರಟರೆ ಊಟದ ಹೊತ್ತು ಮೀರುತ್ತದೆ. ಆದ್ದರಿಂದ ನಾವು ಪೆಟ್ಟು ತಿಂದು ಕಲಿತ ಒಂದೇ ಸಂಗತಿ ಹೇಳುತ್ತೇವೆ. ರೈಲು ತಡವಾದರೆ ನಮಗೆ ಬರಬೇಕಾದ ದುಡ್ಡನ್ನು ಹೇಗೆ ಕೇಳಬೇಕು ಅನ್ನೋದು.

ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನವರನ್ನು ಹೃದಯದ ತಪಾಸಣೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಬನ್ನಿ ಅಂತ ಡಾಕ್ಟರು ಹೇಳಿದ್ದರು. ರಾತ್ರಿ ಒಂದು ಗಂಟೆಯ ರೈಲಿಗೆ ಮೂರು ಜನಕ್ಕೆ ಕೌಂಟರಿನಲ್ಲೇ ಟಿಕೆಟ್ ಮಾಡಿಸಿದ್ದೆವು. ಹನ್ನೆರಡಕ್ಕೇ ಹೋಗಿ ಕೂತೆವು. ಮೊದಲು ನಲವತ್ತು ನಿಮಿಷ ತಡ ಅಂದರು. ಆಮೇಲೆ ಒಂದೂವರೆ ಗಂಟೆ. ಆಮೇಲೆ ಎರಡೂವರೆ. ಚಿಕ್ಕಪ್ಪನವರು ಬೆಂಚಿನ ಮೇಲೆ ಶಾಲು ಹೊದ್ದು ಮಲಗಿದ್ದವರು ಎದ್ದು ಕೂತು, “ಏನಪ್ಪಾ, ಬರ್ತದೋ ಇಲ್ವೋ?” ಅಂತ ಕೇಳ್ತಾನೇ ಇದ್ದರು. ನಾಲ್ಕು ದಾಟಿದರೂ ರೈಲಿನ ಸುಳಿವಿಲ್ಲ. ಕೊನೆಗೆ ನಾಲ್ಕೂಕಾಲಿಗೆ ಒಂಬತ್ತು ಸಾವಿರಕ್ಕೆ ಒಂದು ಕಾರು ಮಾಡಿಕೊಂಡು ಹೊರಟೆವು. ಬೆಂಗಳೂರು ಮುಟ್ಟಿದಾಗ ಹನ್ನೊಂದು ಗಂಟೆ. ಡಾಕ್ಟರು ಆಪರೇಷನ್ನಿಗೆ ಒಳಗೆ ಹೋಗಿಯಾಗಿತ್ತು. ಮತ್ತೆ ದಿನ ಸಿಕ್ಕಿದ್ದು ಮೂರು ವಾರಕ್ಕೆ. ಆ ಮೂರು ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ.

ಒಂದು ವಾರ ಬಿಟ್ಟು, ಹೋಗದ ಟಿಕೆಟ್ಟಿನ ದುಡ್ಡಾದರೂ ಬರಲಿ ಅಂತ ಸ್ಟೇಷನ್ನಿಗೆ ಹೋದೆವು. ಕೌಂಟರಿನವರು ಮರ್ಯಾದೆಯಿಂದಲೇ ಹೇಳಿದರು: “ಅಣ್ಣಾ, ಆ ರಾತ್ರಿ ರೈಲು ಹೊರಡುವ ಮುಂಚೆ ಈ ಟಿಕೆಟ್ ಇದೇ ಕಿಟಕಿಯಲ್ಲಿ ಕೊಟ್ಟಿದ್ದರೆ ಪೂರ್ತಿ ವಾಪಸ್ ಬರುತ್ತಿತ್ತು. ಈಗ ಏನೂ ಬರೋದಿಲ್ಲ.” ನಾವು ಕೂತಿದ್ದ ಬೆಂಚಿನಿಂದ ಆ ಕಿಟಕಿ ಹತ್ತು ಹೆಜ್ಜೆ. ರಾತ್ರಿಯಿಡೀ ಅದರಲ್ಲಿ ದೀಪ ಉರೀತಿತ್ತು. ಟಿಕೆಟ್ ನಮ್ಮ ಜೇಬಿನಲ್ಲೇ ಇತ್ತು.

ಹಾಲಿಗೆ ಜಿಡ್ಡು ಒಂದು ಪಾಯಿಂಟು ಕಮ್ಮಿ ತೋರಿಸಿದರೆ ಡೇರಿಯ ಮುಂದೆ ಅರ್ಧ ಗಂಟೆ ಜಗಳ ಆಡುವವರು ನಾವು! ಇದರ ನಿಯಮ ಏನು ಅಂತ ಒಂದು ದಿನವೂ ಕೇಳಿದವರಲ್ಲ.

ನಿಯಮ ಇಷ್ಟೇ. ನಾವು ಹತ್ತುವ ಸ್ಟೇಷನ್ನಿಗೆ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನಾವು ಪ್ರಯಾಣ ಮಾಡದೆ ಬಿಟ್ಟರೆ, ಕಾಯ್ದಿರಿಸಿದ ಟಿಕೆಟ್ಟಿನ ಪೂರ್ತಿ ದುಡ್ಡು ವಾಪಸ್. ಕಡಿತ ಇಲ್ಲ. ಇದು 2015ರ ರೈಲ್ವೆ ನಿಯಮಗಳಲ್ಲಿದೆ. ಕನ್ಫರ್ಮ್ ಆಗಿರಲಿ, ಆರ್.ಎ.ಸಿ. ಇರಲಿ, ವೇಟಿಂಗ್ ಇರಲಿ, ಎಲ್ಲಕ್ಕೂ ಅನ್ವಯ. ಆದರೆ ರೈಲು ನಮ್ಮ ಸ್ಟೇಷನ್ ಬಿಡುವ ಮುಂಚೆ ಟಿಕೆಟ್ ಕೌಂಟರಿಗೆ ಕೊಡಬೇಕು. ಮೊಬೈಲಿನಲ್ಲಿ ಮಾಡಿದ ಟಿಕೆಟ್ ಆದರೆ ಅಷ್ಟರೊಳಗೇ ಟಿ.ಡಿ.ಆರ್. ಅನ್ನುವ ಅರ್ಜಿಯನ್ನು ಮೊಬೈಲಿನಲ್ಲೇ ಹಾಕಬೇಕು, ಕಾರಣದ ಜಾಗದಲ್ಲಿ ರೈಲು ಮೂರು ಗಂಟೆಗಿಂತ ಹೆಚ್ಚು ತಡ ಅನ್ನೋದನ್ನು ಆರಿಸಬೇಕು. ಬುಕ್ ಮಾಡುವಾಗ ಹಿಡಿದುಕೊಂಡ ಸೇವಾ ಶುಲ್ಕ ಮಾತ್ರ ವಾಪಸ್ ಬರುವುದಿಲ್ಲ.

ಒಂದು ರೈಲು ತಡವಾಗಿ ಮುಂದಿನ ರೈಲು ತಪ್ಪಿಹೋದರೂ ಹೀಗೇ ಒಂದು ದಾರಿ ಇದೆ. 2019ರ ಏಪ್ರಿಲ್‌ನಿಂದ ಎರಡು ಟಿಕೆಟ್ಟುಗಳ ಪಿ.ಎನ್.ಆರ್. ಜೋಡಿಸಲು ಅವಕಾಶ ಮಾಡಿದ್ದಾರೆ. ರೈಲು ಬದಲಾಯಿಸಿ ಹೋಗುವವರು ಟಿಕೆಟ್ ಮಾಡಿಸುವಾಗಲೇ ಇದನ್ನು ಕೇಳಿ ಜೋಡಿಸಿಕೊಳ್ಳಿ.

ಇದೆಲ್ಲಾ ನಮ್ಮದೇ ಟಿಕೆಟ್ಟಿನ ದುಡ್ಡು ನಮಗೆ ಬರುವ ಮಾತಾಯಿತು. ಕಾರಿಗೆ ಕೊಟ್ಟ ಒಂಬತ್ತು ಸಾವಿರದ ಕಥೆ ಏನು? ಹದಿನೈದು ದಿನದ ಬಟವಾಡೆ ಹೋಯಿತಲ್ಲ? ಹೊತ್ತಿಗೆ ಸರಿಯಾಗಿ ಹತ್ತಿಯೂ ತಲುಪುವುದು ತಡವಾಗಿ ನಷ್ಟವಾದರೆ ಯಾರು ಕೊಡಬೇಕು? ಇದಕ್ಕೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ.

2016ರ ಜೂನ್‌ನಲ್ಲಿ ಒಬ್ಬ ಪ್ರಯಾಣಿಕರು ಮನೆಯವರ ಜೊತೆ ಅಜ್ಮೀರ್–ಜಮ್ಮು ಎಕ್ಸ್‌ಪ್ರೆಸ್‌ನಲ್ಲಿ ಹೋದರು. ಜಮ್ಮುವಿಗೆ ಬೆಳಿಗ್ಗೆ 8.10ಕ್ಕೆ ಬರಬೇಕಾದ ರೈಲು ಬಂದದ್ದು ಮಧ್ಯಾಹ್ನ 12ಕ್ಕೆ. ಶ್ರೀನಗರದ ಅವರ ವಿಮಾನವೂ 12ಕ್ಕೇ ಇತ್ತು. ವಿಮಾನ ತಪ್ಪಿತು, ಟ್ಯಾಕ್ಸಿಯಲ್ಲಿ ಹೋದರು. ವಾಪಸ್ ಬಂದು ಸುಮ್ಮನೆ ಕೂರಲಿಲ್ಲ. ರಾಜಸ್ಥಾನದ ಅಲ್ವರ್ ಜಿಲ್ಲಾ ಗ್ರಾಹಕರ ವೇದಿಕೆಗೆ ದೂರು ಕೊಟ್ಟರು. ಅಲ್ಲಿ ಗೆದ್ದರು. ರೈಲ್ವೆಯವರು ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ, ಸುಪ್ರೀಂ ಕೋರ್ಟು ಅಂತ ಮೇಲೆ ಮೇಲೆ ಹೋದರು. ತಡವಾಗಿ ಓಡಿದ್ದಕ್ಕೆ ನಾವು ಜವಾಬ್ದಾರರಲ್ಲ ಅಂತ ನಮ್ಮ ದರಪುಸ್ತಕದ 114 ಮತ್ತು 115ನೇ ನಿಯಮ ಹೇಳುತ್ತದೆ ಎಂಬುದು ಅವರ ವಾದ. 2021ರ ಸೆಪ್ಟೆಂಬರ್ 6ರಂದು ನ್ಯಾಯಮೂರ್ತಿ ಎಂ.ಆರ್. ಶಾ ಮತ್ತು ನ್ಯಾಯಮೂರ್ತಿ ಅನಿರುದ್ಧ ಬೋಸ್ ಅವರ ಪೀಠ ಆ ವಾದವನ್ನು ಒಪ್ಪಲಿಲ್ಲ. ಯಾಕೆ ತಡವಾಯಿತು, ಅದು ತಮ್ಮ ಕೈಮೀರಿದ್ದೆಂದು ರೈಲ್ವೆಯೇ ಸಾಕ್ಷಿ ಸಮೇತ ತೋರಿಸಬೇಕು, ತೋರಿಸದಿದ್ದರೆ ಪರಿಹಾರ ಕೊಡಬೇಕು ಎಂದಿತು. ಟ್ಯಾಕ್ಸಿಗೆ 15,000, ಬುಕಿಂಗ್ ಖರ್ಚಿಗೆ 10,000, ಮಾನಸಿಕ ಯಾತನೆಗೆ 5,000, ದಾವೆಯ ಖರ್ಚಿಗೆ 5,000 ರೂಪಾಯಿ ಕೊಡಬೇಕೆಂಬ ಆದೇಶ ಉಳಿಯಿತು.

ಇದನ್ನು ಕೇಳಿ ನಾಳೆಯೇ ಎಲ್ಲಾ ತಡದ ರೈಲಿಗೂ ದುಡ್ಡು ಬರುತ್ತದೆ ಅಂದುಕೊಳ್ಳಬೇಡಿ. ಮಂಜು ಕವಿದಿತ್ತು, ಹಳಿ ಕೊಚ್ಚಿಹೋಗಿತ್ತು ಅಂತ ಅವರು ತೋರಿಸಿಕೊಟ್ಟರೆ ನಮ್ಮ ದೂರು ನಿಲ್ಲುವುದು ಕಷ್ಟ. ಅದೂ ಅಲ್ಲದೆ ಆ ಮನುಷ್ಯರಿಗೆ ಐದು ವರ್ಷ ಹಿಡಿಯಿತು. ಅಷ್ಟು ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆಯೋ! ಕೇಳದೇನೇ ಕೊಡುವ ಪದ್ಧತಿಯೂ ಒಮ್ಮೆ ಬಂದಿತ್ತು. 2019ರಲ್ಲಿ ಲಖನೌ–ದೆಹಲಿ ತೇಜಸ್ ರೈಲಿಗೆ ಒಂದು ಗಂಟೆ ಮೀರಿದರೆ 100, ಎರಡು ಗಂಟೆ ಮೀರಿದರೆ 250 ರೂಪಾಯಿ ಅಂತ ಶುರುಮಾಡಿದರು. 2024ರಲ್ಲಿ ಅದನ್ನೂ ನಿಲ್ಲಿಸಿಬಿಟ್ಟರು.

ಆದರೂ ದೂರು ಕೊಡುವುದು ನಾವು ಅಂದುಕೊಂಡಷ್ಟು ಕಷ್ಟವಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು, ರೈಲು ಎಲ್ಲಿ ತಡವಾಯಿತೋ ಅಲ್ಲಿಗೆ ಓಡಬೇಕಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಮೊದಲು ಕೇಳಿ ತಿಳಿಯಬೇಕಾದರೆ ಗ್ರಾಹಕರ ಸಹಾಯವಾಣಿ 1915, ರೈಲ್ವೆಯದು 139.

ಆದರೆ ಕೈಯಲ್ಲಿ ಕಾಗದ ಇರಬೇಕು. ನಮ್ಮ ಪ್ರಕರಣ ಬಿದ್ದುಹೋದದ್ದು ಅಲ್ಲೇ. ಕಾರಿನವನಿಂದ ರಸೀದಿ ತೆಗೆದುಕೊಳ್ಳಲಿಲ್ಲ, ನೋಟು ಎಣಿಸಿ ಕೊಟ್ಟೆವು. ರೈಲು ಎಷ್ಟು ತಡ ಎಂದು ಮೊಬೈಲಿನಲ್ಲಿ ತೋರಿಸುತ್ತಿತ್ತು, ಅದರ ಫೋಟೋ ಹಿಡಿಯಲಿಲ್ಲ. ಆಸ್ಪತ್ರೆಯ ಒಂಬತ್ತೂವರೆಯ ಚೀಟಿಯನ್ನು ಚಿಕ್ಕಮ್ಮ ಒಲೆಗೆ ಹಾಕಿದ್ದರು. ಎರಡು ಹೊತ್ತೂ ಹಾಲಿನ ಚೀಟಿ ಜೋಪಾನ ಮಾಡುವ ಮನೆ ನಮ್ಮದು ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕಳೆದ ಶ್ರಾವಣದಲ್ಲಿ ನಮ್ಮ ಸದಸ್ಯರೊಬ್ಬರ ಮಗಳು ಪರೀಕ್ಷೆಗೆ ಹೊರಟಿದ್ದಳು. ಸ್ಟೇಷನ್ನಿನಿಂದ ಫೋನು ಮಾಡಿ, “ದೊಡ್ಡಪ್ಪಾ, ರೈಲು ನಾಲ್ಕು ಗಂಟೆ ಲೇಟಂತೆ” ಅಂತ ಅಳುವ ದನಿಯಲ್ಲಿ ಹೇಳಿದಳು. “ಅಳಬೇಡಮ್ಮಾ, ಬಸ್ ಹತ್ತು, ಆದರೆ ಹತ್ತುವ ಮುಂಚೆ ಟಿ.ಡಿ.ಆರ್. ಹಾಕು” ಅಂದೆವು. ನಿಂತ ಜಾಗದಲ್ಲೇ ಹಾಕಿದಳು. ಹುಡುಗಿ ಬಸ್ಸಿನಲ್ಲಿ ಹೋಗಿ ಪರೀಕ್ಷೆ ಬರೆದಳು, ಟಿಕೆಟ್ಟಿನ ದುಡ್ಡು ಆಮೇಲೆ ಅವರಪ್ಪನ ಖಾತೆಗೆ ಬಂತು.

ದೂರಿನ ಮಾದರಿ ಒಂದನ್ನು ಬರೆಸಿ ಸಂಘದ ಕಪಾಟಿನಲ್ಲಿ ಇಟ್ಟಿದ್ದೇವೆ. ಬೇಕಾದವರು ಬೆಳಿಗ್ಗೆ ಹಾಲು ಹಾಕಲು ಬಂದಾಗ ಕಾರ್ಯದರ್ಶಿಯವರನ್ನು ಕೇಳಿ, ಅವರೇ ತುಂಬಿಸಿಕೊಡುತ್ತಾರೆ. ನಮ್ಮ ಚಿಕ್ಕಪ್ಪನವರು ಈಗ ಹುಷಾರಾಗಿದ್ದಾರೆ, ಅಗೋ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ರೈಲು ಹತ್ತೋಣ ಬನ್ನಿ ಅಂದರೆ ಮಾತ್ರ ಇವತ್ತಿಗೂ ಒಪ್ಪುವುದಿಲ್ಲ.